ಅಂಕಕ್ಕೆ ಕಾರಣ ಹೇಳುವ ತರಗತಿ: ರಾಜಕೀಯ ಸಿದ್ಧಾಂತದ ಒಂದು ಎಂ.ಎ. ಸೆಮಿನಾರ್

ರಾಜಕೀಯ ಸಿದ್ಧಾಂತದ ಸೆಮಿನಾರನ್ನು ಐಚ್ಛಿಕ ಪತ್ರಿಕೆಯಾಗಿ ಆಯ್ದುಕೊಳ್ಳಬೇಕೇ ಎಂದು ಯೋಚಿಸುವ ಎಂ.ಎ. ವಿದ್ಯಾರ್ಥಿಗಳು ಹಿರಿಯರನ್ನು ಕೇಳುವ ಮೊದಲ ಪ್ರಶ್ನೆ ಅಂಕಗಳದ್ದೇ ಆಗಿರುತ್ತದೆ. ಆ ಪ್ರಶ್ನೆಯನ್ನು ಕೀಳಾಗಿ ಕಾಣಬೇಕಾಗಿಲ್ಲ. ನಾನು ಓದಿದ ವಿಭಾಗದಲ್ಲಿ ಈ ಪತ್ರಿಕೆಗೆ ಸೆಮಿಸ್ಟರ್ ಕೊನೆಯ ಮೂರು ಗಂಟೆಯ ಪರೀಕ್ಷೆ ಇರಲಿಲ್ಲ. ವಾರದ ಒಂದು ಪುಟದ ಟಿಪ್ಪಣಿಗಳಿಗೆ 30, ಚರ್ಚೆಯಲ್ಲಿ ಪಾಲ್ಗೊಳ್ಳುವುದಕ್ಕೆ 20, ಒಂದು ವಾರದ ಚರ್ಚೆಯನ್ನು ಆರಂಭಿಸಿಕೊಡುವುದಕ್ಕೆ 10, ಕೊನೆಯ ಪ್ರಬಂಧಕ್ಕೆ 40, ಹೀಗೆ ನೂರು ಅಂಕಗಳೂ ತರಗತಿಯ ಕೆಲಸಕ್ಕೇ ಮೀಸಲಾಗಿದ್ದವು. ಈ ಹಂಚಿಕೆಗಿಂತ ಮುಖ್ಯವಾದದ್ದು ಮೊದಲ ದಿನವೇ ಅಧ್ಯಾಪಕಿ ನಮ್ಮ ಕೈಗಿತ್ತ ಎರಡು ಪುಟಗಳ ಹಾಳೆ. ಯಾವ ಬರಹಕ್ಕೆ ಯಾವ ಕಾರಣಕ್ಕಾಗಿ ಎಷ್ಟು ಅಂಕ ಎಂಬುದನ್ನು ಅದು ಪೂರ್ಣ ವಾಕ್ಯಗಳಲ್ಲಿ ಹೇಳಿತ್ತು. ಈ ಸೆಮಿನಾರಿನ ಬಗ್ಗೆ ನನಗಿರುವ ಮೆಚ್ಚುಗೆಯ ಬಹುಪಾಲು ಆ ಹಾಳೆಗೆ ಸಲ್ಲಬೇಕು. ನನ್ನ ದೂರು ಕೂಡ ಅದರಲ್ಲಿ ಬಿಡಿಸಿ ಬರೆಯದೆ ಹೋದ ಒಂದು ಭಾಗದ ಬಗ್ಗೆಯೇ ಇದೆ.

ನಿರೀಕ್ಷೆಗಳಲ್ಲಿ ಮೊದಲನೆಯದು ಮೂಲಪಠ್ಯದ ಓದು. ಪಠ್ಯದ ಪ್ರತಿ ಎದುರಿಗಿರಬೇಕು, ಹೇಳಿದ ಮಾತಿಗೆ ಪುಟ ತೋರಿಸಬೇಕು. ಬಿ.ಎ.ಯಲ್ಲಿ ‘ಸಾಮಾಜಿಕ ಒಪ್ಪಂದ ಸಿದ್ಧಾಂತವನ್ನು ವಿವರಿಸಿ’ ಎಂಬ ಪ್ರಶ್ನೆಗೆ, ರಾಜ್ಯಾಧಿಕಾರ ಜನರ ಒಪ್ಪಂದದಿಂದ ಹುಟ್ಟುತ್ತದೆ ಎಂದ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಮೂವರನ್ನೂ ಒಂದೇ ಉತ್ತರದಲ್ಲಿ ಮುಗಿಸಿ ಬಂದಿದ್ದ ನಮಗೆ ಇದು ಹೊಸದು. 1651ರಲ್ಲಿ ಪ್ರಕಟವಾದ ಹಾಬ್ಸನ ‘ಲೆವಯಥನ್’ ಚರ್ಚೆಯಲ್ಲಿದ್ದಾಗ, ದೊರೆ ಒಪ್ಪಂದವನ್ನು ಮುರಿದರೆ ಪ್ರಜೆಗಳು ಅದರಿಂದ ಬಿಡುಗಡೆ ಹೊಂದುತ್ತಾರೆ ಎಂದು ಒಬ್ಬರು ಹೇಳಿದರು. ಮೇಡಂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ; ಹದಿನೆಂಟನೆಯ ಅಧ್ಯಾಯವನ್ನು ತೆರೆದು ಗಟ್ಟಿಯಾಗಿ ಓದಲು ಹೇಳಿದರು. ಒಪ್ಪಂದ ಮಾಡಿಕೊಳ್ಳುವವರು ಜನರು ತಮ್ಮತಮ್ಮೊಳಗೇ, ಸಾರ್ವಭೌಮನು ಅದಕ್ಕೆ ಪಕ್ಷಗಾರನೇ ಅಲ್ಲ, ಆದ್ದರಿಂದ ಅವನು ಅದನ್ನು ಮುರಿಯುವ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಆ ಪುಟದಲ್ಲೇ ಇತ್ತು. ಸರ್ಕಾರವೆಂದರೆ ಜನರು ನಂಬಿ ಒಪ್ಪಿಸಿದ ಅಧಿಕಾರ, ನಂಬಿಕೆ ಕೆಟ್ಟರೆ ಅದನ್ನು ಹಿಂಪಡೆಯಬಹುದು ಎನ್ನುವ ಲಾಕ್‌ನನ್ನು ನಂತರ ಓದಿದಾಗ, ಇಬ್ಬರನ್ನೂ ಒಂದೇ ಶೀರ್ಷಿಕೆಯಡಿ ಸೇರಿಸುವುದರಿಂದ ಎಷ್ಟು ಕಳೆದುಹೋಗುತ್ತದೆ ಎಂಬುದು ಎಲ್ಲರಿಗೂ ತಾನಾಗಿಯೇ ಸ್ಪಷ್ಟವಾಯಿತು.

ವಾರದ ಟಿಪ್ಪಣಿಯೇ ಈ ಸೆಮಿನಾರಿನ ಜೀವ. ಹಾಳೆಯ ಪ್ರಕಾರ, ಪಠ್ಯದ ವಾದವನ್ನು ತಪ್ಪಿಲ್ಲದೆ ಸಂಗ್ರಹಿಸಿದ ಟಿಪ್ಪಣಿಗೆ ಮಧ್ಯಮ ಅಂಕ. ಆ ವಾದ ಯಾವುದರ ಮೇಲೆ ನಿಂತಿದೆ ಎಂದು ಗುರುತಿಸಿ, ಅದಕ್ಕೆ ಬರಬಹುದಾದ ಬಲವಾದ ಆಕ್ಷೇಪವನ್ನು ಎತ್ತಿ, ಲೇಖಕರ ಕಡೆಯಿಂದ ಉತ್ತರ ಹುಡುಕಿದ ಟಿಪ್ಪಣಿಗೆ ಹೆಚ್ಚಿನ ಅಂಕ. ಇದು ಕೇವಲ ಮಾತಾಗಿ ಉಳಿಯಲಿಲ್ಲ. ಅಂಬೇಡ್ಕರರ ‘ಜಾತಿ ವಿನಾಶ’ ಓದಿದ ವಾರ, ಲಾಹೋರಿನ ಜಾತಿವಿರೋಧಿ ಸಂಘಟನೆಯಾದ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನ ರದ್ದಾಗಿ ಆ ಭಾಷಣವನ್ನು ಅವರು 1936ರಲ್ಲಿ ತಾವೇ ಅಚ್ಚು ಹಾಕಿಸಿದ್ದನ್ನೂ, ಜಾತಿಯು ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರ ವಿಭಜನೆಯೂ ಹೌದು ಎಂಬ ವಾದವನ್ನೂ ನಮ್ಮಲ್ಲಿ ಹೆಚ್ಚಿನವರು ಸರಿಯಾಗಿಯೇ ಬರೆದಿದ್ದರು. ಹೆಚ್ಚು ಅಂಕ ಪಡೆದ ಟಿಪ್ಪಣಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೆಲಸವನ್ನು ಹುಟ್ಟಿನಿಂದ ಬಿಡಿಸಿ ಎಲ್ಲರ ಆಯ್ಕೆಗೆ ಬಿಟ್ಟರೆ ಅಂಬೇಡ್ಕರರ ಆಕ್ಷೇಪ ಅಲ್ಲಿಗೇ ಮುಗಿಯುತ್ತದೆಯೇ ಎಂದು ಅದು ಕೇಳಿತ್ತು. ಅಂತರ್ಜಾತಿ ವಿವಾಹವನ್ನೂ ಶಾಸ್ತ್ರಗಳ ಪಾವಿತ್ರ್ಯದಲ್ಲಿನ ನಂಬಿಕೆಯ ನಾಶವನ್ನೂ ಅವರು ಪರಿಹಾರವಾಗಿ ಸೂಚಿಸುವುದರಿಂದ ಮುಗಿಯುವುದಿಲ್ಲ ಎಂದು ಪಠ್ಯದ ಮುಂದಿನ ಭಾಗಗಳಿಂದಲೇ ತೋರಿಸಿತ್ತು. ಬರೆದವರ ಹೆಸರು ತೆಗೆದು ಎರಡು ಬಗೆಯ ಟಿಪ್ಪಣಿಗಳನ್ನೂ ತರಗತಿಯಲ್ಲಿ ಹಂಚಿದರು. ‘ಇದು ನಿಜ, ಆದರೆ ಇದರಿಂದ ಏನು ಸಿದ್ಧವಾಗುತ್ತದೆ?’ ಎಂಬ ಷರಾ ಒಂದರ ಅಂಚಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಅಂಕದ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ.

ಕೊನೆಗೆ ಇವೆಲ್ಲವೂ ವಿಶ್ವವಿದ್ಯಾಲಯದ ಹತ್ತು ಅಂಶಗಳ ಗ್ರೇಡಿಗೆ ಇಳಿಯಲೇಬೇಕು. ಗ್ರೇಡ್ ಕಾರ್ಡಿನಲ್ಲಿ ಕಾಣುವುದು ಒಂದೆರಡು ಅಕ್ಷರಗಳಷ್ಟೇ, ಷರಾಗಳಲ್ಲ. ಇದು ಅಧ್ಯಾಪಕರ ಕೈಯಲ್ಲಿರುವ ವಿಷಯವಲ್ಲ.

ಅವರ ಕೈಯಲ್ಲಿದ್ದೂ ಸರಿಯಾಗಿ ನಡೆಯದಿದ್ದದ್ದು ಚರ್ಚೆಯ 20 ಅಂಕ. ‘ಗುಣಮಟ್ಟದ ಪಾಲ್ಗೊಳ್ಳುವಿಕೆ’ ಎಂಬ ಎರಡು ಪದಗಳಿಗಿಂತ ಹೆಚ್ಚಿನ ವಿವರಣೆ ಹಾಳೆಯಲ್ಲಿ ಇರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಬಂದವರು ನಮ್ಮಲ್ಲಿ ಹಲವರಿದ್ದರು. ಬರಹವನ್ನು ಕನ್ನಡದಲ್ಲಿ ಒಪ್ಪಿಸಲು ಅವಕಾಶವಿತ್ತು, ಚರ್ಚೆಯಲ್ಲಿ ಕನ್ನಡ ಮಾತನಾಡಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ಮಾತು ಇಂಗ್ಲಿಷಿನಲ್ಲಿ ಆರಂಭವಾಗಿ ಇಂಗ್ಲಿಷಿನಲ್ಲೇ ವೇಗ ಪಡೆಯುತ್ತಿತ್ತು. ತಮ್ಮ ಟಿಪ್ಪಣಿಗಳಲ್ಲಿ ಅತ್ಯಂತ ಗಟ್ಟಿಯಾದ ಪ್ರಶ್ನೆಗಳನ್ನು ಎತ್ತಿದವರು ಮೇಜಿನ ಸುತ್ತ ಮೌನವಾಗಿ ಕುಳಿತು ಆ ಅಂಕಗಳನ್ನು ಕಳೆದುಕೊಂಡರು, ಅದೂ ಸೆಮಿಸ್ಟರ್ ಮುಗಿದ ಮೇಲೆಯೇ ಅವರಿಗೆ ತಿಳಿಯಿತು. ಸಮಾನತೆಯನ್ನು ಓದಿಸುವ ತರಗತಿಯಲ್ಲಿ ಇದು ಸಣ್ಣ ಲೋಪವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂದಿನ ಸಂಜೆಯೇ ಬರೆದು ಕಳುಹಿಸಿದ ಪ್ರಶ್ನೆಯನ್ನು ಪಾಲ್ಗೊಳ್ಳುವಿಕೆ ಎಂದು ಎಣಿಸುವುದು, ಅರ್ಥವಾಗದ ವಾಕ್ಯವನ್ನು ಎತ್ತಿ ತೋರಿಸುವುದಕ್ಕೂ ಅಂಕ ಕೊಡುವುದು, ಸೆಮಿಸ್ಟರಿನ ನಡುವೆ ಪ್ರತಿಯೊಬ್ಬರಿಗೂ ಅವರು ಎಲ್ಲಿದ್ದಾರೆಂದು ತಿಳಿಸುವುದು, ಇವುಗಳಲ್ಲಿ ಯಾವುದೂ ಕಷ್ಟದ್ದಲ್ಲ.

ಕೊನೆಯ ಪ್ರಬಂಧದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಮೊದಲು ಕರಡು, ಅದರ ಮೇಲೆ ಅಧ್ಯಾಪಕರ ಲಿಖಿತ ಪ್ರತಿಕ್ರಿಯೆ, ಆಮೇಲೆ ಅಂತಿಮ ಪ್ರತಿ. ಕರಡಿಗೆ ಅಂಕವಿಲ್ಲದ್ದರಿಂದ ಅಂಜಿಕೆಯಿಲ್ಲದೆ ಬರೆಯಲು ಸಾಧ್ಯವಾಯಿತು. ಕೃತಿಚೌರ್ಯದ ನಿಯಮ ಕಟ್ಟುನಿಟ್ಟಾಗಿತ್ತು, ಗಡುವು ಮೀರಿದರೆ ಅಂಕ ಕಡಿತವಿತ್ತು, ಎರಡನ್ನೂ ಮೊದಲೇ ತಿಳಿಸಿದ್ದರು.

ವಾರಕ್ಕೆ ಐವತ್ತು ಪುಟಗಳಷ್ಟು ನಿಧಾನವಾಗಿ ಓದಲು ಸಮಯವಿರುವವರು ಇಂಥ ಸೆಮಿನಾರನ್ನು ಖಂಡಿತ ತೆಗೆದುಕೊಳ್ಳಬೇಕು. ಕೆ.ಎ.ಎಸ್. ಅಥವಾ ನೆಟ್ ತಯಾರಿಗೆ ಸಿದ್ಧ ನೋಟ್ಸ್ ಬೇಕೆನ್ನುವವರಿಗೆ ಇದು ತಕ್ಕುದಲ್ಲ. ಹೆಸರು ನೋಂದಾಯಿಸುವ ಮುನ್ನ ನಿಮ್ಮ ವಿಭಾಗದಲ್ಲಿ ಮೌಲ್ಯಮಾಪನದ ಹಾಳೆಯನ್ನು ಕೇಳಿ ಪಡೆಯಿರಿ. ಚರ್ಚೆಯ ಅಂಕಗಳನ್ನು ಯಾರು, ಯಾವಾಗ, ಯಾವ ದಾಖಲೆಯ ಆಧಾರದ ಮೇಲೆ ಕೊಡುತ್ತಾರೆ ಎಂಬುದು ಅದರಲ್ಲಿ ಇಲ್ಲದಿದ್ದರೆ ಮೊದಲ ತರಗತಿಯಲ್ಲೇ ಎಲ್ಲರೂ ಕೂಡಿ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಿ.