ಮಾಳಿಗೆ ಮೇಲಿನ 3 ಕಿಲೋವಾಟ್ ಸೋಲಾರ್: ವಿಜಯಪುರದ ಬಿಸಿಲಿಗೆ ಹೇಗಿದೆ?

ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ 3 ಕಿಲೋವಾಟ್ ಆನ್‌ಗ್ರಿಡ್ (ಕರೆಂಟ್ ಲೈನಿಗೇ ಜೋಡಿಸಿದ) ಸೋಲಾರ್ ಬಗ್ಗೆ ಓಣಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ಅದಕ್ಕೇ ಒಂದು ಕಡೆ ಬರೆದುಬಿಡುತ್ತೇನೆ. ಬ್ಯಾಟರಿ ಇಲ್ಲದ ಸಿಸ್ಟಮ್ ಇದು. ಹಗಲು ಬಂದ ಕರೆಂಟ್ ಮೊದಲು ಮನೆಗೆ ಹೋಗುತ್ತದೆ, ಉಳಿದದ್ದು ಲೈನಿಗೆ ಹೋಗುತ್ತದೆ. ನೆಟ್ ಮೀಟರ್ ಎರಡನ್ನೂ ಎಣಿಸುತ್ತದೆ.

ಮೊದಲು ದುಡ್ಡಿನ ಮಾತು. ಕೇಂದ್ರದ ಸಬ್ಸಿಡಿ 2 ಕಿಲೋವಾಟ್ ತನಕ ಕಿಲೋವಾಟಿಗೆ 30,000, ಮೂರು ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೆ ಒಟ್ಟು 78,000, ಅಷ್ಟೇ. ಅದನ್ನು ಕಳೆದ ಮೇಲೂ ನಮ್ಮ ಕೈಯಿಂದ ಲಕ್ಷದ ಮೇಲೆ ಹೋಯಿತು. ನಿಮ್ಮ ಮನೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿದ್ದರೆ ಸುಮ್ನೆ ಇದರ ತಂಟೆಗೆ ಹೋಗಬೇಡಿ, ಹಾಕಿದ ದುಡ್ಡು ವಾಪಸ್ ಬರುವುದು ಕಷ್ಟ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ. ನಮ್ಮ ಮನೆಯಲ್ಲಿ ಏಸಿ ಇದೆ, ಬೋರ್ ಮೋಟರ್ ಇದೆ, ಬಿಲ್ ನಿಜಕ್ಕೂ ಇಳಿದಿದೆ. ಆದರೆ ಅಗತ್ಯಕ್ಕಿಂತ ದೊಡ್ಡದು ಹಾಕಿಸಬೇಡಿ. ಮಿಕ್ಕ ಯೂನಿಟ್ಟಿಗೆ ವಿದ್ಯುತ್ ಕಂಪನಿ ಕೊಡುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಬಿಸಿಲಿಗೆ ನಮ್ಮೂರಲ್ಲಿ ಬರ ಇಲ್ಲ. ಆಕಾಶ ತಿಳಿಯಾಗಿದ್ದರೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಮೇ ತಿಂಗಳಲ್ಲಿ ಕಿತ್ತುಕೊಂಡು ಬರುತ್ತದೆ ಅಂದುಕೊಳ್ಳಬೇಡಿ, ಪ್ಯಾನಲ್ ಕಾದಷ್ಟೂ ಇಳುವರಿ ಬೀಳುತ್ತದೆ. ಪ್ಯಾನಲ್ ಒಂದು ಡಿಗ್ರಿ ಹೆಚ್ಚು ಕಾದರೆ ಸುಮಾರು ಶೇಕಡ 0.3ರಿಂದ 0.4ರಷ್ಟು. ಮಾಳಿಗೆ ಮೇಲೆ ಕಾಲಿಡಲಾಗದ ಮಧ್ಯಾಹ್ನಕ್ಕಿಂತ ಫೆಬ್ರವರಿಯ ತಂಪು ಬಿಸಿಲೇ ಇದಕ್ಕೆ ಒಗ್ಗುತ್ತದೆ. ಇನ್ನು ಧೂಳು. ವಾರಕ್ಕೊಮ್ಮೆ ತೊಳೆಯಬೇಕು, ಅದೂ ಬೆಳಿಗ್ಗೆ ಪ್ಯಾನಲ್ ಕಾಯುವ ಮೊದಲು. ಸವಳು ನೀರು ಹಾಕಿ ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಒರೆಸಿಬಿಡಿ.

ಈಗ ದೊಡ್ಡ ತಕರಾರು. ಹಾಕಲು ಬಂದ ಏಜೆನ್ಸಿ ಹುಡುಗ, ಹೆಸರು ಬೇಡ, "ಇನ್ನ ಕರೆಂಟ್ ಹೋಗೂ ಚಿಂತೀನ ಇಲ್ರೀ ಸರ್" ಅಂದಿದ್ದ. ಶುದ್ಧ ಸುಳ್ಳು. ಲೈನ್ ಹೋದ ಕ್ಷಣ ಈ ಸಿಸ್ಟಮ್ ಕೂಡ ಆಫ್ ಆಗುತ್ತದೆ, ಮೇಲೆ ಬಿಸಿಲು ಸುರಿಯುತ್ತಿದ್ದರೂ ಕೆಳಗೆ ಫ್ಯಾನ್ ನಿಂತಿರುತ್ತದೆ. ಇದು ಕೆಟ್ಟು ನಿಂತದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ: ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು ಅಲ್ವಾ. ಸರಿಯಾದ ಕಾರಣವೇ. ಆದರೆ ಮಾರುವ ಮುಂಚೆ ಹೇಳಬೇಕು. ಕರೆಂಟ್ ಹೋದಾಗಲೂ ನಡೆಯಬೇಕು ಅಂದರೆ ಬ್ಯಾಟರಿ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಮೇಲೆ ಹೇಳಿದ ಸಬ್ಸಿಡಿ ಪ್ಯಾನಲ್ ಲೆಕ್ಕದ ಮೇಲೆ ಬರುವುದು, ಬ್ಯಾಟರಿಗೆ ಪೂರ್ತಿ ನಮ್ಮದೇ ಜೇಬು. ನಾವು ಹಳೆಯ ಯುಪಿಎಸ್‌ನಲ್ಲೇ ಕಾಲ ಹಾಕುತ್ತಿದ್ದೇವೆ.

ಹಾಕಿಸಿದ ಮೇಲೆ ನನಗೆ ಇನ್ನೊಂದು ವಿಷಯ ಕಾಣತೊಡಗಿತು. ಹಗಲು ನಾವು ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ವಾಪಸ್ ತಗೊಳ್ಳುತ್ತೇವೆ, ಬಿಲ್ಲಿನಲ್ಲಿ ಎರಡೂ ಒಂದಕ್ಕೊಂದು ಕಳೆದುಹೋಗುತ್ತವೆ. ಆದರೆ ರಾತ್ರಿಯ ಯೂನಿಟ್ ಬರುವುದು ಎಲ್ಲಿಂದ? ನಮ್ಮ ಜಿಲ್ಲೆಯಲ್ಲೇ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ, 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400. ಕಲ್ಲಿದ್ದಲು ರಾಜ್ಯದಲ್ಲಿಲ್ಲ, ಹೊರಗಿನಿಂದ ರೈಲಿನಲ್ಲಿ ಬರಬೇಕು. ನೀರು ಆಲಮಟ್ಟಿ ಹಿನ್ನೀರಿನದು. ಬೂದಿ ಇಲ್ಲಿಯ ಹೊಲದವರಿಗೆ. ಆಲಮಟ್ಟಿಯಲ್ಲೇ 290 ಮೆಗಾವಾಟಿನ ಜಲವಿದ್ಯುತ್ ಇದೆಯಲ್ಲ ಅನ್ನಬಹುದು, ಅದು ಹೊಳೆಗೆ ನೀರು ಬಿಟ್ಟಾಗಿನ ಮಾತು. 2023ರ ಬರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ಸಾಲದೆ ರೈತರ ಪಂಪ್‌ಸೆಟ್ಟಿಗೆ ತಾಸು ಕಡಿತ ಮಾಡಿದ್ದು ಯಾರೂ ಮರೆತಿಲ್ಲ.

ದೇಶದ ಲೆಕ್ಕವೂ ಹೀಗೇ. 2025ಕ್ಕೆ ಕಲ್ಲಿದ್ದಲು, ಗ್ಯಾಸ್ ಬಿಟ್ಟ ಸ್ಥಾವರಗಳ ಸಾಮರ್ಥ್ಯ ಅರ್ಧ ಮುಟ್ಟಿತು ಅಂತ ಸುದ್ದಿ ಬಂತು, ಖುಷಿಯೇ. ಆದರೆ ನಿಜವಾಗಿ ಹುಟ್ಟುವ ಯೂನಿಟ್ಟುಗಳಲ್ಲಿ ಮುಕ್ಕಾಲಿನ ಹತ್ತಿರ ಇನ್ನೂ ಕಲ್ಲಿದ್ದಲಿನದೇ. 2024ರ ಮೇ 30ರಂದು ಬೇಡಿಕೆ ಎರಡೂವರೆ ಲಕ್ಷ ಮೆಗಾವಾಟ್ ಮುಟ್ಟಿತ್ತು. ಹಗಲಿನದ್ದನ್ನು ಸೋಲಾರ್ ತಕ್ಕಮಟ್ಟಿಗೆ ಹೊರುತ್ತದೆ, ಸೂರ್ಯ ಮುಳುಗಿದ ಮೇಲೂ ಏಸಿಗಳು ಓಡುತ್ತಿರುವಾಗ ಕೂಡಗಿಯಂಥವೇ ಬೇಕು. ನೀರನ್ನು ಹಗಲು ಮೇಲೆತ್ತಿ ಸಂಜೆ ಇಳಿಸುವ ಯೋಜನೆ ಬೆಳಗಾವಿ ಜಿಲ್ಲೆಯ ಸವದತ್ತಿ ಕಡೆ ಕೈಗೆತ್ತಿಕೊಂಡಿದ್ದಾರೆ, ನನ್ನ ಪ್ರಕಾರ ಪ್ಯಾನಲ್ ಸಬ್ಸಿಡಿಗಿಂತ ಮೊದಲು ಅಂಥದ್ದಕ್ಕೆ ದುಡ್ಡು ಹೋಗಬೇಕು. ಮಾಳಿಗೆ ಇದ್ದವನ ಬಿಲ್ ಇಳಿದು, ಅವನ ರಾತ್ರಿ ಕರೆಂಟಿನ ಖರ್ಚು ಬಾಡಿಗೆ ಮನೆಯವನ ದರದಲ್ಲಿ ಸೇರುವುದು ನನಗೆ ಸರಿ ಕಾಣುವುದಿಲ್ಲ, ಲಾಭ ಪಡೆಯುತ್ತಿರುವವನು ನಾನೇ ಆದರೂ.

ಹಾಕಿಸುವವರು ಸಬ್ಸಿಡಿಗೆ ದೇಶದಲ್ಲೇ ಮಾಡಿದ ಸೆಲ್ಲಿನ ಪ್ಯಾನಲ್ ಬೇಕು ಅನ್ನುವುದನ್ನು ನೆನಪಿಟ್ಟುಕೊಂಡು ಸರ್ಟಿಫಿಕೇಟ್ ಕೇಳಿ. ಅರ್ಥಿಂಗ್ ಬೇರೆ ಮಾಡಿಸಿ. ಮಳೆಗಾಲಕ್ಕೆ ಮುಂಚಿನ ಗಾಳಿ ತಡೆಯುವಂತೆ ಕಬ್ಬಿಣದ ಸ್ಟ್ಯಾಂಡ್ ಗಟ್ಟಿ ಇರಲಿ, ತೆಳು ಪೈಪ್ ತೋರಿಸಿದರೆ ವಾಪಸ್ ಕಳಿಸಿ. ಪ್ಯಾನಲ್ಲಿಗೆ ಐದರಲ್ಲಿ ನಾಲ್ಕು ಅಂಕ, ಏಜೆನ್ಸಿಗೆ ಎರಡು. ಆ ಎರಡೂ ವೈರಿಂಗ್ ನೀಟಾಗಿ ಮಾಡಿದ್ದಕ್ಕೆ.