ರಾಕೀಸ್‌ನಲ್ಲಿ "ಮೂಲನಿವಾಸಿಗಳ ಜೊತೆ ಕಾಡಿನ ಪ್ರವಾಸ" ಬುಕ್ ಮಾಡುವ ಮುಂಚೆ ಇದನ್ನು ಓದಿ

ಕೆನಡಾದ ರಾಕೀಸ್ ಬೆಟ್ಟಸಾಲಿಗೆ ಹೋಗುವ ಯೋಚನೆಯಿದ್ದು, ಗೈಡ್, ಕ್ಯಾಂಪು, ಮೂಲನಿವಾಸಿಗಳ ಜೊತೆ ಒಂದು ಸಂಜೆ ಎಲ್ಲ ಸೇರಿಸಿದ ಪ್ಯಾಕೇಜ್ ನೋಡುತ್ತಿದ್ದೀರಾ? ದುಡ್ಡು ಕಟ್ಟುವ ಮುಂಚೆ ಕಂಪನಿಯವರಿಗೆ ಒಂದು ಪ್ರಶ್ನೆ ಕೇಳಿ. ಆ ಸಂಜೆ ನಮ್ಮ ಜೊತೆ ಕೂರುವವರು ಯಾರು, ಯಾವ ಸಮುದಾಯದವರು? ಉತ್ತರದಲ್ಲಿ ಹೆಸರು ಬರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ, ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುವ ಹೊತ್ತು. ಕ್ಯಾಲ್ಗರಿಯಿಂದ ಹೊರಡುವ ಒಂದು ಕಂಪನಿ. ಹೆಸರು ಹಾಕುವುದಿಲ್ಲ, ದೂರು ಇನ್ನೂ ಮುಗಿದಿಲ್ಲ. ಅವರು ಕೊಟ್ಟ ಮಾತು ಹೀಗಿತ್ತು: ಬೆಳಗಿನ ಜಾವ ಮೊರೇನ್ ಸರೋವರ, ಅನುಭವಿ ಗೈಡ್ ಜೊತೆ ಬೆಟ್ಟದ ನಡಿಗೆ, ಟೀಪಿ ಗುಡಾರದಲ್ಲಿ ಮೂಲನಿವಾಸಿ ಹಿರಿಯರಿಂದ ಕಥೆಗಳು, ಮರುದಿನ ಔಷಧಿ ಗಿಡಗಳ ಪರಿಚಯ.

ಮೊದಲ ಬೆಳಿಗ್ಗೆಯೇ ಬಣ್ಣ ಬಯಲಾಯಿತು. ಮೊರೇನ್ ಸರೋವರದ ರಸ್ತೆಗೆ 2023ರಿಂದ ಖಾಸಗಿ ವಾಹನ ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್‌ನಲ್ಲಿ ಹೋಗಬೇಕು, ಇಲ್ಲವೇ ಅನುಮತಿ ಇರುವ ಬಸ್ಸುಗಳಲ್ಲಿ. ನಮ್ಮ ವ್ಯಾನ್ ತಡೆಗೇಟಿನ ಹತ್ತಿರ ನಿಂತಿತು, ಅಲ್ಲಿದ್ದ ಹುಡುಗಿ ಪರ್ಮಿಟ್ ಕೇಳಿದಳು, ನಮ್ಮ ಗೈಡ್ ಫೋನಿನಲ್ಲಿ ಏನೇನೋ ಹುಡುಕುತ್ತಾ "ಆಫೀಸಿನಲ್ಲಿ ಇದೆ" ಅಂದ, ಆಕೆ ನಗುತ್ತಲೇ ವಾಪಸ್ ತಿರುಗಿಸಲು ಕೈ ತೋರಿಸಿದಳು. ಕತ್ತಲಲ್ಲಿ ಎದ್ದು, ಹಲ್ಲು ಕಡಿಯುವ ಚಳಿಯಲ್ಲಿ ಅಷ್ಟು ದೂರ ಬಂದು, ಕೊನೆಗೆ ಸೂರ್ಯೋದಯ ನೋಡಿದ್ದು ಪೆಟ್ರೋಲ್ ಬಂಕಿನಲ್ಲಿ. ಸರೋವರ ತಪ್ಪಿತು ಅನ್ನುವ ಬೇಸರ ಒಂದು ಕಡೆ. ಇನ್ನೊಂದು ಕಡೆ, ಆ ಸರೋವರ ಇರುವ ಬ್ಯಾನ್ಫ್ ನ್ಯಾಷನಲ್ ಪಾರ್ಕಿನೊಳಗೆ ದುಡ್ಡು ತಗೊಂಡು ಜನರನ್ನು ಸುತ್ತಾಡಿಸಬೇಕಾದರೆ ಪಾರ್ಕ್ಸ್ ಕೆನಡಾದ ಲೈಸೆನ್ಸ್ ಬೇಕೇ ಬೇಕು, ಅದನ್ನು ತೋರಿಸಿ ಅಂದರೂ ಆತನ ಹತ್ತಿರ ಒಂದು ಕಾಗದ ಇರಲಿಲ್ಲ.

ಗೈಡ್ ಹುಡುಗ ಕೆಟ್ಟವನಲ್ಲ ಪಾಪ, ರಜೆಯಲ್ಲಿ ಕೆಲಸಕ್ಕೆ ಸೇರಿದವನು. ಆದರೆ ಗ್ರಿಜ್ಲಿ ಕರಡಿಗಳಿರುವ ಕಾಡಿಗೆ ನಮ್ಮನ್ನು ಕರೆದುಕೊಂಡು ಹೋದವನ ಸೊಂಟದಲ್ಲಿ ಕರಡಿ ಸ್ಪ್ರೇ ಇಲ್ಲ. ಕೇಳಿದರೆ "ವ್ಯಾನ್‌ನಲ್ಲಿದೆ" ಅಂತ. ಕರಡಿ ಬಂದರೆ ವ್ಯಾನ್ ತನಕ ಓಡುವುದಾ? ಸಂಜೆ ಇನ್ನೂ ಚೆನ್ನಾಗಿತ್ತು. ರಸ್ತೆ ಪಕ್ಕದ ಹುಲ್ಲಿನಲ್ಲಿ ಒಂದು ಗಂಡು ಎಲ್ಕ್, ಅಂದರೆ ದೊಡ್ಡ ಜಿಂಕೆ, ನಿಂತಿತ್ತು. ಸೆಪ್ಟೆಂಬರ್ ಅಂದರೆ ಅವುಗಳಿಗೆ ಬೆದೆಯ ಕಾಲ, ಗಂಡುಗಳಿಗೆ ತಲೆ ಸರಿ ಇರುವುದಿಲ್ಲ. ಎಲ್ಕ್‌ನಿಂದ ಕನಿಷ್ಠ 30 ಮೀಟರ್, ಕರಡಿಯಿಂದ 100 ಮೀಟರ್ ದೂರ ಇರಬೇಕು ಅಂತ ಪಾರ್ಕಿನ ನಿಯಮ. ಈತ "ಬನ್ನಿ ಬನ್ನಿ, ಫೋಟೋಗೆ ಒಳ್ಳೇ ಬೆಳಕು" ಅಂತ ಮಗಳನ್ನು ಮುಂದೆ ಕರೆದ. ಅದು ತಲೆ ತಗ್ಗಿಸಿ, ಕೊಂಬನ್ನು ಪೊದೆಗೆ ಉಜ್ಜಿ, ಒಣಗಿದ ಹುಲ್ಲನ್ನು ಕಿತ್ತು ಎಸೆಯಿತು. ಕೊಂಬಿನ ತುದಿಯಲ್ಲಿ ಹುಲ್ಲು ಜೋತಾಡುತ್ತಿದ್ದದ್ದು ನನಗೆ ಕಾಣುವಷ್ಟು ಹತ್ತಿರ. ನನ್ನ ಹೆಂಡತಿ ಮಗಳ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದಳು.

ಇನ್ನು ಹಿರಿಯರ ಸಂಜೆ. ಹಿರಿಯರು ಬರಲೇ ಇಲ್ಲ. "ಅವರಿಗೆ ಹುಷಾರಿಲ್ಲ" ಅಂದರು. ಸರಿ, ಯಾರವರು, ಯಾವ ಊರು ಅಂತ ಕೇಳಿದೆ. ಹುಡುಗನಿಗೆ ಹೆಸರೇ ಗೊತ್ತಿಲ್ಲ. ಆಮೇಲೆ ಅವನೇ ಫೋನ್ ತೆಗೆದು "ಒಂದು ಪುರಾತನ ಇಂಡಿಯನ್ ಕಥೆ" ಓದತೊಡಗಿದ (ಮೂಲನಿವಾಸಿಗಳನ್ನು ಅಲ್ಲಿ ಹಿಂದೆ ಇಂಡಿಯನ್ ಅನ್ನುತ್ತಿದ್ದರು). ಅಲ್ಲಿನ ಎಷ್ಟೋ ಸಮುದಾಯಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ, ಹೇಳುವ ಹಕ್ಕು ಇರುವವರು ಮಾತ್ರ ಹೇಳುತ್ತಾರೆ. ಇಲ್ಲಿ ವೈಫೈ ಇದ್ದವರೆಲ್ಲ ಹೇಳಬಹುದು. ಟೀಪಿಯ ಪಕ್ಕದಲ್ಲಿ ಪ್ರಾಣಿಗಳ ಮುಖ ಕೆತ್ತಿದ ಆಳೆತ್ತರದ ಟೋಟೆಮ್ ಕಂಬ, ಒಳಗೆ ಸಾಲಾಗಿ ಡ್ರೀಮ್‌ಕ್ಯಾಚರ್‌ಗಳು, ಅಂದರೆ ಬಳೆಯಂಥ ಚೌಕಟ್ಟಿಗೆ ನೂಲಿನ ಬಲೆ ಹೆಣೆದು ಗರಿ ಕಟ್ಟಿದವು. ಟೋಟೆಮ್ ಕಂಬ ಪೆಸಿಫಿಕ್ ಕರಾವಳಿಯ ಹೈಡಾ ಮುಂತಾದವರದ್ದು. ಡ್ರೀಮ್‌ಕ್ಯಾಚರ್ ಮೂಲತಃ ಇಲ್ಲಿಂದ ಪೂರ್ವಕ್ಕೆ ಬಹಳ ದೂರದಲ್ಲಿರುವ ಒಜಿಬ್ವೆ ಜನರದ್ದು. ಈ ಬೆಟ್ಟಗಳ ಸ್ಟೋನಿ ನಕೋಡಾ ಜನರಿಗೂ ಅವೆರಡಕ್ಕೂ ಸಂಬಂಧವಿಲ್ಲ. ಯಕ್ಷಗಾನ ನೋಡಲು ಬಂದವರಿಗೆ ಕಥಕ್ಕಳಿ ಕಿರೀಟ ತೋರಿಸಿ ಕಳಿಸಿದ ಹಾಗೆ. ಧೂಪಕ್ಕೆ ಅಂತ ಹಚ್ಚಿದ ಬಿಳಿ ಸೇಜ್ ಕಟ್ಟು ಕ್ಯಾಲಿಫೋರ್ನಿಯಾ ಕಡೆ ಬೆಳೆಯುವ ಗಿಡ. ಚರ್ಮದ ಡೋಲು ಅಂತ ಕೈಗೆ ಕೊಟ್ಟದ್ದರ ತಳದಲ್ಲಿ ಬಾರ್‌ಕೋಡ್ ಚೀಟಿ ಅರ್ಧ ಕಿತ್ತು ಹಾಗೇ ಅಂಟಿಕೊಂಡಿತ್ತು. ಔಷಧಿ ಗಿಡಗಳ ನಡಿಗೆ? ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಸುಮ್ನೆ ಒಂದು ಸಂಜೆ ಹಾಳಾಯಿತು, ಬಿಡು ಅನ್ನಬಹುದಿತ್ತು. ಆದರೆ ಬ್ಯಾನ್ಫ್‌ನ ಹಿಂದಿನ ಕಥೆ ಗೊತ್ತಿದ್ದರೆ ಹಾಗೆ ಬಿಡಲು ಮನಸ್ಸಾಗುವುದಿಲ್ಲ. 1877ರಲ್ಲಿ ಸ್ಟೋನಿ ನಕೋಡಾ, ಸಿಕ್ಸಿಕಾ, ಕೈನೈ, ಪಿಕಾನಿ, ಸೂಟಿನಾ ಜನ ಬ್ರಿಟಿಷ್ ರಾಣಿಯ ಸರ್ಕಾರದ ಜೊತೆಗಿನ 7ನೇ ಒಪ್ಪಂದಕ್ಕೆ ಸಹಿ ಹಾಕಿದರು. 1885ರಲ್ಲಿ ಬ್ಯಾನ್ಫ್‌ನ ಬಿಸಿನೀರಿನ ಬುಗ್ಗೆಗಳ ಸುತ್ತ ಸರ್ಕಾರ ಜಾಗ ಕಾಯ್ದಿರಿಸಿತು, ಅದೇ ಬೆಳೆದು ಪಾರ್ಕ್ ಆಯಿತು. ತಲೆತಲಾಂತರದಿಂದ ಅಲ್ಲಿ ಬೇಟೆಯಾಡಿಕೊಂಡಿದ್ದ ನಕೋಡಾ ಜನರನ್ನು ಹೊರಗೆ ಹಾಕಿದರು. ಆಮೇಲೆ "ಬ್ಯಾನ್ಫ್ ಇಂಡಿಯನ್ ಡೇಸ್" ಅಂತ ಮಾಡಿ, ರೈಲಿನಲ್ಲಿ ಬಂದ ಪ್ರವಾಸಿಗರ ಮುಂದೆ ಅದೇ ಜನರನ್ನು ಕರೆಸಿ ಕುಣಿಸಿದರು. ಅವರ ಎಷ್ಟೋ ಆಚರಣೆಗಳಿಗೆ 1951ರ ತನಕ ಕಾನೂನಿನ ಅಡ್ಡಿ ಇತ್ತು. ಆ ಕಾಲದ ತಮಾಷೆಗಾದರೂ ಅವರನ್ನು ಕರೆಯುತ್ತಿದ್ದರು. ಈ ಕಂಪನಿಗೆ ಅವರೂ ಬೇಡ, ಫೋಟೋ ಇದ್ದರೆ ಸಾಕು.

ನಿಜವಾಗಿ ಅವರೇ ನಡೆಸುವ ಪ್ರವಾಸಗಳು ಇವೆ, ಅದು ಗೊತ್ತಿರಲಿ. ಬ್ಯಾನ್ಫ್ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಇಂಡಿಜಿನಸ್ ಟೂರಿಸಂ ಆಲ್ಬರ್ಟಾ ಅನ್ನುವ ಸಂಸ್ಥೆ ಇದೆ, ಅವರ ಪಟ್ಟಿಯಿಂದ ಶುರು ಮಾಡಿ. ದೇಶಮಟ್ಟದ ಸಂಘ "ದಿ ಒರಿಜಿನಲ್ ಒರಿಜಿನಲ್" ಅನ್ನುವ ಗುರುತು ಕೊಡುತ್ತದೆ, ಅದು ಸಿಗಬೇಕಾದರೆ ವ್ಯವಹಾರದ ಮಾಲೀಕತ್ವದಲ್ಲಿ ಕನಿಷ್ಠ ಶೇಕಡ 51 ಮೂಲನಿವಾಸಿಗಳದ್ದಾಗಿರಬೇಕು. ಬೆಟ್ಟದ ಗೈಡ್ ವಿಷಯಕ್ಕೆ ಬಂದರೆ ಅಸೋಸಿಯೇಷನ್ ಆಫ್ ಕೆನೇಡಿಯನ್ ಮೌಂಟನ್ ಗೈಡ್ಸ್‌ನ ಸದಸ್ಯರಾ ಅಂತ ಕೇಳಿ, ಹೆಸರು ಕೊಟ್ಟರೆ ನೀವೇ ಹುಡುಕಿ ನೋಡಬಹುದು. "ಆಫೀಸಿನಲ್ಲಿ ಇದೆ" ಅನ್ನುವ ಉತ್ತರ ಎಲ್ಲೇ ಬಂದರೂ ಹುಷಾರು.

ದುಡ್ಡಿನ ವಿಷಯ ಗಮನವಿಟ್ಟು ಓದಿ. ಇ-ಟ್ರಾನ್ಸ್‌ಫರ್ ಮಾಡಿದರೆ, ಅಂದರೆ ಬ್ಯಾಂಕ್ ಖಾತೆಯಿಂದ ನೇರ ಕಳಿಸಿದರೆ, ಡಿಸ್ಕೌಂಟ್ ಅಂತ ಇಂಥ ಕಂಪನಿಯವರು ಆಸೆ ತೋರಿಸುತ್ತಾರೆ. ಆ ದಾರಿಯಲ್ಲಿ ಹೋದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ನಾವು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರಿಂದ ಬ್ಯಾಂಕಿಗೆ ತಕರಾರು ಹಾಕಿ ಅರ್ಧದಷ್ಟು ವಾಪಸ್ ಪಡೆದೆವು. ನಮ್ಮ ಜೊತೆ ವ್ಯಾನ್‌ನಲ್ಲಿದ್ದ ಇನ್ನೊಂದು ಕುಟುಂಬ ಇ-ಟ್ರಾನ್ಸ್‌ಫರ್ ಮಾಡಿತ್ತು, ಅವರಿಗೆ ಈ ತನಕ ಒಂದು ಡಾಲರ್ ಬಂದಿಲ್ಲ. ಬ್ರಿಟಿಷ್ ಕೊಲಂಬಿಯಾ, ಒಂಟಾರಿಯೊ, ಕ್ವಿಬೆಕ್‌ನಲ್ಲಿ ಪ್ರವಾಸ ಮಾರುವವರಿಗೆ ಪ್ರಾಂತ್ಯದ ನೋಂದಣಿ, ಪರಿಹಾರ ನಿಧಿ ಎಲ್ಲ ಇದೆ. ಆಲ್ಬರ್ಟಾದಲ್ಲಿ ಅಂಥ ನಿಧಿ ಇಲ್ಲ, ಆದ್ದರಿಂದ ಅಲ್ಲಿ ಕಾರ್ಡೇ ನಿಮ್ಮ ರಕ್ಷಣೆ.

ಬುಕ್ ಮಾಡಿದ ದಿನವೇ ಅವರ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾವು ದೂರು ಕೊಟ್ಟ ಮೇಲೆ "ಹಿರಿಯರಿಂದ ಕಥೆಗಳು" ಅನ್ನುವ ಸಾಲನ್ನು ಅವರು ಸದ್ದಿಲ್ಲದೆ ತೆಗೆದುಹಾಕಿ, ಅಂಥ ಮಾತು ಕೊಟ್ಟೇ ಇರಲಿಲ್ಲ ಅಂತ ಬ್ಯಾಂಕಿಗೆ ಬರೆದರು. ಹೆಂಡತಿಯ ಫೋನಿನಲ್ಲಿ ಹಳೇ ಪುಟ ಇತ್ತು, ತಾರೀಖಿನ ಸಮೇತ.