ಕ್ಯಾರಿಯೋಟೈಪ್ ಪರೀಕ್ಷೆ: ಸ್ಯಾಂಪಲ್ ಚೆನ್ನ, ರಿಪೋರ್ಟ್ ಚೆನ್ನ, ವಿವರಣೆ ಸಾಲದು

ಪದೇಪದೇ ಗರ್ಭಪಾತವಾದ ದಂಪತಿಗೆ, ಡೌನ್ ಸಿಂಡ್ರೋಮ್ ಇರುವ ಮಗುವಿಗೆ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆ ಕ್ಯಾರಿಯೋಟೈಪ್. ಕಣದೊಳಗಿನ ವರ್ಣತಂತುಗಳನ್ನು (ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳನ್ನು) ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಅವುಗಳ ಆಕಾರ ನೋಡುವುದೇ ಇದರ ಕೆಲಸ. ಬೆಂಗಳೂರಿನ ಖಾಸಗಿ ಲ್ಯಾಬೊಂದು ಇದನ್ನು ಮಾಡಿಕೊಡುವ ರೀತಿಯ ಬಗ್ಗೆ ಈ ವಿಮರ್ಶೆ.

ಮೊದಲು ಮೆಚ್ಚಬೇಕಾದದ್ದು ಸ್ಯಾಂಪಲ್ ತೆಗೆಯುವ ಕ್ರಮ. 3 ಎಂಎಲ್ ರಕ್ತವನ್ನು ಹಸಿರು ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸೋಡಿಯಂ ಹೆಪಾರಿನ್ ಇರುವ ಟ್ಯೂಬಿಗೇ ಹಾಕಿ, ಮೆಲ್ಲಗೆ ಎಂಟು-ಹತ್ತು ಸಲ ತಲೆಕೆಳಗು ಮಾಡುತ್ತಾರೆ. ಈ ಪರೀಕ್ಷೆಗೆ ಜೀವಂತ ಬಿಳಿ ರಕ್ತಕಣ ಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಹಾಕಿದರೆ, ರಕ್ತ ಹೆಪ್ಪುಗಟ್ಟಿದರೆ ಅಥವಾ ಫ್ರೀಜರ್‌ನಲ್ಲಿಟ್ಟರೆ ಕಣಗಳು ಬೆಳೆಯುವುದಿಲ್ಲ, ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು. ಬೇರೆ ಊರಿಂದ ಕಳಿಸುವವರು ಶನಿವಾರ ಬಿಟ್ಟು ಸೋಮವಾರ, ಮಂಗಳವಾರ ಕೊಡುವುದು ಒಳ್ಳೆಯದು.

ರಿಪೋರ್ಟ್ ತಡವೆಂದು ಗೊಣಗುವವರಿದ್ದಾರೆ. ಆದರೆ ಕಣಗಳನ್ನು 37 ಡಿಗ್ರಿಯಲ್ಲಿ ಸುಮಾರು 72 ಗಂಟೆ ಬೆಳೆಸಬೇಕು. ವಿಭಜನೆಯ ನಡುವೆ ವರ್ಣತಂತುಗಳು ದಪ್ಪಗಾದಾಗ ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ವಿಭಜನೆಯನ್ನು ಅಲ್ಲೇ ತಡೆಯಬೇಕು. ಆಮೇಲೆ ಕಣ ಉಬ್ಬಿಸಿ, ಸ್ಲೈಡಿಗೆ ಹನಿಸಿ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ, ಜಿಮ್ಸಾ ಬಣ್ಣ ಕೊಟ್ಟರೆ ವರ್ಣತಂತುಗಳ ಮೇಲೆ ಪಟ್ಟೆಗಳು ಮೂಡುತ್ತವೆ. ಆ ಪಟ್ಟೆಗಳನ್ನು ನೋಡಿ ಜೋಡಿ ಹೊಂದಿಸುವುದು ಅವಸರದ ಕೆಲಸವಲ್ಲ. ಎಷ್ಟು ಕಣಗಳನ್ನು ಎಣಿಸಿದ್ದಾರೆ (ಸಾಮಾನ್ಯವಾಗಿ 20), ಪಟ್ಟೆಗಳ ಸ್ಪಷ್ಟತೆ ಎಷ್ಟು ಎಂಬ ಎರಡನ್ನೂ ಈ ರಿಪೋರ್ಟ್ ಕಾಣಿಸುತ್ತದೆ. ಇವಿಲ್ಲದ ರಿಪೋರ್ಟ್ ಬಂದರೆ ಕೇಳಿ ಬರೆಸಿಕೊಳ್ಳಿ.

ಕೊರತೆ ಇರುವುದು ಇಲ್ಲಿಂದ ಮುಂದೆ. ರಿಪೋರ್ಟಿನಲ್ಲಿ ವರ್ಣತಂತುಗಳ ಸಂಖ್ಯೆ ಸಾಮಾನ್ಯವಾದ 46ರ ಬದಲು 45 ಎಂದು ಕಂಡರೆ ಮನೆಯವರು ಹೌಹಾರುತ್ತಾರೆ. 14 ಮತ್ತು 21ನೇ ವರ್ಣತಂತುಗಳ ಉದ್ದನೆಯ ಭುಜಗಳು ಒಂದಕ್ಕೊಂದು ಅಂಟಿಕೊಂಡರೆ ಎಣಿಕೆ ಒಂದು ಕಡಿಮೆಯಾಗುತ್ತದೆ. ಕಳೆದುಹೋಗುವ ಗಿಡ್ಡ ಭುಜಗಳಲ್ಲಿರುವ ಜೀನ್‌ಗಳ ಪ್ರತಿಗಳು ಬೇರೆ ವರ್ಣತಂತುಗಳಲ್ಲೂ ಇರುವುದರಿಂದ ಆ ವ್ಯಕ್ತಿಗೆ ತೊಂದರೆಯಿಲ್ಲ. ಆದರೆ ಅಂಟಿದ ತುಂಡೂ ಬಿಡಿ 21ನೆಯದೂ ಒಂದೇ ಅಂಡಾಣುವಿಗೆ ಸೇರಿದರೆ, ತಂದೆಯ 21ನೆಯದೂ ಕೂಡಿ ಮಗುವಿಗೆ 21ನೆಯದರ ಮೂರು ಪಾಲು ಸಿಗುತ್ತದೆ, ಅದೇ ಡೌನ್ ಸಿಂಡ್ರೋಮ್. ಎಣಿಸಿದರೆ ಮಾತ್ರ ಸಂಖ್ಯೆ 46 ಎಂದೇ ಕಾಣುತ್ತದೆ! ತಾಯಿಯಲ್ಲಿ ಇಂಥ ಜೋಡಣೆ ಇದ್ದರೆ ಡೌನ್ ಸಿಂಡ್ರೋಮ್ ಸಾಧ್ಯತೆ ಶೇ. 10–15ರಷ್ಟು, ತಂದೆಯಲ್ಲಿದ್ದರೆ ಬಹಳ ಕಡಿಮೆ. ಇಷ್ಟನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳುವವರು ಈ ಲ್ಯಾಬಿನಲ್ಲಿಲ್ಲ. ಇಂಗ್ಲಿಷ್ ಪಿಡಿಎಫ್ ಕಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಜೆನೆಟಿಕ್ ಕೌನ್ಸೆಲಿಂಗ್ ಇರುವ ಆಸ್ಪತ್ರೆಯನ್ನು ನೀವೇ ಹುಡುಕಿಕೊಳ್ಳಬೇಕು.

ಇನ್ನೊಂದು ಮಾತನ್ನು ಲ್ಯಾಬಿನವರೇ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಒಂದು ವರ್ಣತಂತುವಿನಲ್ಲಿ ನೂರಾರು, ಸಾವಿರಾರು ಜೀನ್‌ಗಳಿರುತ್ತವೆ. ಸೂಕ್ಷ್ಮದರ್ಶಕಕ್ಕೆ ಕಾಣುವುದು 50 ಲಕ್ಷದಿಂದ ಒಂದು ಕೋಟಿ ಡಿಎನ್‌ಎ ಅಕ್ಷರಗಳಷ್ಟು ದೊಡ್ಡ ಏರುಪೇರು ಮಾತ್ರ. ಕುಡುಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ 11ನೇ ವರ್ಣತಂತುವಿನ ಒಂದೇ ಅಕ್ಷರ ಬದಲಾದರೆ ಸಾಕು, ಅದು ಇಲ್ಲಿ ಕಾಣದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು "ಕ್ಯಾರಿಯೋಟೈಪ್ ನಾರ್ಮಲ್" ಎಂದು ನಿಶ್ಚಿಂತರಾಗಬಾರದು. ಅಲ್ಲಿ ಭಯ ಇಬ್ಬರಲ್ಲೂ ಇರಬಹುದಾದ ಒಂದೇ ದೋಷದ ಜೀನಿನದು. ಅದಕ್ಕೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಅಥವಾ ಡಿಎನ್‌ಎ ಪರೀಕ್ಷೆ ಬೇಕು.

ಪದೇಪದೇ ಗರ್ಭಪಾತವಾದ ಕಾರಣಕ್ಕೆ ಮಾಡಿಸುವವರು ಗಂಡ-ಹೆಂಡತಿ ಇಬ್ಬರದೂ ಕೊಡಿ. ಹೆಂಡತಿಯದು ಮಾತ್ರ ಕೊಟ್ಟರೆ ಅರ್ಧ ಪರೀಕ್ಷೆ ಮಾಡಿಸಿದಂತೆ.